ಮನಸ್ಸು ನೊಂದಾಗ ಯಾರ ಬಳಿಗೆ ಹೋಗಬೇಕು?

(ಮೂಡಿಗೆರೆಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಕಳಸ, ಸಂಸೆ, ಕೊಟ್ಟಿಗೆಹಾರದ ಕಡೆಯಿಂದಲೂ ಈ ಮಳೆಯಲ್ಲಿ ಬಂದಿದ್ದೀರಿ. ಸಂಜೆ ಬಸ್ಸಿಗೆ ಮೊದಲೇ ಮುಗಿಸುತ್ತೇನೆ.

ಗೋಷ್ಠಿಯವರು ನನಗೆ ಕೊಟ್ಟ ವಿಷಯ ‘ಮಾನಸಿಕ ಆರೋಗ್ಯ’. ಅದು ಸಮುದ್ರ. ಅದರಲ್ಲಿ ಒಂದೇ ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ. ಮದುವೆ ಮನೆಯಲ್ಲೋ ಗೃಹಪ್ರವೇಶದಲ್ಲೋ ನನ್ನನ್ನು ಪಕ್ಕಕ್ಕೆ ಕರೆದು ಜನ ಕೇಳುವುದು ಅದನ್ನೇ: “ಅಕ್ಕಾ, ಯಾರ ಹತ್ರ ತೋರಿಸ್ಬೇಕು?” ಸಕ್ಕರೆ ಕಾಯಿಲೆಗೆ ಯಾರು ಒಳ್ಳೆಯ ಡಾಕ್ಟರು ಎಂದು ಕೇಳುವಾಗ ಯಾರೂ ದನಿ ತಗ್ಗಿಸುವುದಿಲ್ಲ. ಇದನ್ನು ಕೇಳುವಾಗ ಹಿಂದೆ ಮುಂದೆ ನೋಡುತ್ತಾರೆ.

ಯಾಕೆ ಹಾಗೆ? ನಮ್ಮ ಶರಣರು ಪಂಚಸೂತಕಗಳನ್ನು ಕಿತ್ತೊಗೆದರು. ಹುಟ್ಟಿದರೆ ಮೈಲಿಗೆಯಿಲ್ಲ, ಸತ್ತರೆ ಮೈಲಿಗೆಯಿಲ್ಲ, ಮುಟ್ಟು ಮೈಲಿಗೆಯಲ್ಲ, ಎಂಜಲಿಲ್ಲ, ಜಾತಿಯ ಹೊಲೆಯಿಲ್ಲ ಎಂದರು. ಇದನ್ನು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ಮನಸ್ಸಿನ ಕಾಯಿಲೆ ಎಂಬ ಆರನೆಯ ಸೂತಕವನ್ನು ನಾವೇ ಮಾಡಿ ಮನೆಯಲ್ಲಿಟ್ಟುಕೊಂಡಿದ್ದೇವೆ. ಅಂಥವರನ್ನು ಹಿಂದಿನ ಕೋಣೆಯಲ್ಲಿ ಇಡುತ್ತೇವೆ, ನೆಂಟಸ್ತಿಕೆಯ ಮಾತು ಬಂದಾಗ ಮುಚ್ಚುತ್ತೇವೆ. ಇಷ್ಟಲಿಂಗ ಕಟ್ಟಿಕೊಂಡ ಮನೆಗಳಲ್ಲೇ ತಾಯತ ಕಟ್ಟಿಸುತ್ತೇವೆ.

ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಈ ಸಭೆಯಲ್ಲಿ ಇನ್ನೂರು ಜನ ಕುಳಿತಿದ್ದೇವೆ ಎನ್ನಿ, ಲೆಕ್ಕ ನೀವೇ ಹಾಕಿಕೊಳ್ಳಿ.

ಈಗ ವಿಷಯಕ್ಕೆ ಬರುತ್ತೇನೆ. ಕಾಫಿ ಗಿಡಕ್ಕೆ ಬಿಳಿಕಾಂಡಕೊರಕ ಬಂದರೆ ಯಾರನ್ನು ಕೇಳಬೇಕು ಎಂಬುದು ನಿಮಗೆ ಗೊತ್ತು. ಮಣ್ಣಿನ ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು ಗೊತ್ತು, ಪಂಪ್‌ಸೆಟ್ಟಿಗೆ ಯಾರು, ತೋಟದ ದಾಖಲೆಗೆ ಯಾರು ಎಂಬುದೂ ಗೊತ್ತು. ಮಣ್ಣು ಪರೀಕ್ಷೆ ಮಾಡುವವನ ಹತ್ತಿರ ಪಂಪ್‌ಸೆಟ್ ಒಯ್ಯುವುದಿಲ್ಲ. ಮನಸ್ಸಿನ ವಿಚಾರಕ್ಕೆ ಮಾತ್ರ ಎಲ್ಲರನ್ನೂ ‘ಸೈಕಾಲಜಿಸ್ಟ್’ ಎಂದುಬಿಡುತ್ತೇವೆ. ಹಾಗಾಗಿ ಮಾತ್ರೆ ಬೇಕಾದವರು ಬರೀ ಮಾತಿನಲ್ಲಿ ಆರು ತಿಂಗಳು ಕಳೆಯುತ್ತಾರೆ. ಮಾತು ಸಾಕಾಗಿದ್ದವರು ಹತ್ತು ವರ್ಷ ಮಾತ್ರೆ ನುಂಗುತ್ತಾರೆ.

ಮೊದಲನೆಯವರು ಮನೋವೈದ್ಯರು, ಸೈಕಿಯಾಟ್ರಿಸ್ಟ್. ಇವರು ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಪದವಿ ಪಡೆದ ಡಾಕ್ಟರು. ಕಾಯಿಲೆ ಗುರುತಿಸುತ್ತಾರೆ, ಔಷಧಿ ಬರೆಯುತ್ತಾರೆ, ಅಗತ್ಯವಾದರೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಎರಡನೆಯವರು ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್. ನಾನು ಈ ಗುಂಪಿನವಳು. ನಾವು ಎಂ.ಬಿ.ಬಿ.ಎಸ್. ಡಾಕ್ಟರಲ್ಲ, ಔಷಧಿ ಬರೆಯುವ ಹಾಗಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡಿ, ಅದರ ಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಎಂ.ಫಿಲ್. ತರಬೇತಿ ಪಡೆಯುವುದು ಇದುವರೆಗೆ ನಡೆದು ಬಂದ ಪದ್ಧತಿ. ಬುದ್ಧಿಮತ್ತೆ, ನೆನಪು, ಕಲಿಕೆ, ವ್ಯಕ್ತಿತ್ವ ಇವುಗಳ ಪರೀಕ್ಷೆ ಮಾಡುತ್ತೇವೆ. ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಮಾಡುತ್ತೇವೆ. ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯಂತೆ ಇಂಥವರ ನೋಂದಣಿ ಪಟ್ಟಿ ಇಟ್ಟಿದೆ. ನೋಂದಣಿ ಸಂಖ್ಯೆ ಕೇಳಿದರೆ ಹೇಳಬೇಕು. ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿ.

ಮೂರನೆಯವರು ಆಪ್ತಸಮಾಲೋಚಕರು. ನಿಮಗೆ ಹೆಚ್ಚು ಕಾಣಿಸುವವರು ಇವರೇ. ಶಾಲೆ ಕಾಲೇಜಿನಲ್ಲಿ, ಆಸ್ಪತ್ರೆಯಲ್ಲಿ, ಸಾಂತ್ವನ ಕೇಂದ್ರಗಳಲ್ಲಿ ಇರುತ್ತಾರೆ. ಇವರಲ್ಲಿ ಬಹಳ ಒಳ್ಳೆಯವರಿದ್ದಾರೆ. ಗಂಡ ಹೆಂಡಿರ ವಿರಸ, ಪರೀಕ್ಷೆಯ ಭಯ, ಸಾವಿನ ದುಃಖ, ಮಗಳು ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆ ಎಂದಾಗಿನ ಮನೆಯ ಗದ್ದಲ, ಇಂಥವಕ್ಕೆ ಇವರು ಸಾಕು. ತೊಂದರೆ ಏನೆಂದರೆ ‘ಕೌನ್ಸೆಲರ್’ ಎಂಬ ಬೋರ್ಡಿನ ಹಿಂದೆ ಎರಡು ವರ್ಷ ಸ್ನಾತಕೋತ್ತರ ಓದಿದವರೂ ಇರುತ್ತಾರೆ, ವಾರಾಂತ್ಯದ ಶಿಬಿರ ಮುಗಿಸಿ ಪ್ರಮಾಣಪತ್ರ ತಂದವರೂ ಇರುತ್ತಾರೆ. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇವರನ್ನೂ ಒಂದು ಚೌಕಟ್ಟಿಗೆ ತರುವ ಉದ್ದೇಶದ್ದು. ಅಲ್ಲಿಯವರೆಗೆ ಏನು ಓದಿದ್ದೀರಿ, ಎಲ್ಲಿ ಓದಿದ್ದೀರಿ ಎಂದು ನಾವೇ ಕೇಳಬೇಕು.

ನಾಲ್ಕನೆಯವರ ಹೆಸರೇ ಜನಕ್ಕೆ ಗೊತ್ತಿಲ್ಲ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಮನೆಯವರನ್ನು ಕೂರಿಸಿ ಮಾತಾಡುವುದು, ಕೆಲಸಕ್ಕೆ ಮರಳಲು ದಾರಿ ಹುಡುಕುವುದು, ಅಂಗವಿಕಲತೆಯ ಪ್ರಮಾಣಪತ್ರ, ಮಾಸಾಶನಗಳ ಕಡೆಗೆ ಕೈ ಹಿಡಿದು ನಡೆಸುವುದು ಇವರ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ, ಆಟಿಸಂ, ಕಲಿಕೆಯ ನ್ಯೂನತೆ ಎಲ್ಲವೂ ಸೇರಿವೆ. ಬಡ ಮನೆಯವರಿಗೆ ಕೆಲವು ಸಲ ನನ್ನ ಚಿಕಿತ್ಸೆಗಿಂತ ಇವರ ಓಡಾಟವೇ ದೊಡ್ಡ ಉಪಕಾರ.

ಇನ್ನು ಮಕ್ಕಳ ಮನಶ್ಶಾಸ್ತ್ರ, ಕೈಗಾರಿಕೆ, ಕ್ರೀಡೆ, ಅಪರಾಧ ಎಂದು ಕವಲುಗಳಿವೆ. ನಮಗೆ ಬೇಕಾಗುವುದು ಹೆಚ್ಚಾಗಿ ಮಕ್ಕಳದು. ಏಳು ವರ್ಷದ ಮಗು ಚೆನ್ನಾಗಿ ಮಾತಾಡುತ್ತದೆ, ಓದಲು ಮಾತ್ರ ಬರುವುದಿಲ್ಲ ಎಂದರೆ ಹೊಡೆಯಬೇಡಿ, ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಂದ ಪರೀಕ್ಷೆ ಮಾಡಿಸಿ.

ಇದೆಲ್ಲ ಪರದೇಶದಿಂದ ನಿನ್ನೆ ಬಂದದ್ದು ಎಂದು ಕೆಲವರು ಮೂಗು ಮುರಿಯುತ್ತಾರೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿ ‘ಆಕಾಶವಾಣಿ’ ಎಂಬ ಹೆಸರನ್ನು ನಾಡಿಗೆ ಪರಿಚಯಿಸಿದವರೂ ಅವರೇ. ‘ಕೊರವಂಜಿ’ಯ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಬರೆದ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ಮಠದ ಗ್ರಂಥಾಲಯಕ್ಕೆ ಅವನ್ನು ತರಿಸಿ ಎಂದು ಸ್ವಾಮೀಜಿಯವರಲ್ಲಿ ಬೇಡಿಕೊಳ್ಳುತ್ತೇನೆ.

ಈಗ ಮುಖ್ಯ ಮಾತು. ಮೊದಲು ಯಾರ ಹತ್ತಿರ?

ಇಲ್ಲದ ದನಿ ಕೇಳಿಸುವುದು, ಯಾರೋ ಕೊಲ್ಲಲು ಬರುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ, ದಿನಗಟ್ಟಲೆ ನಿದ್ರೆಯಿಲ್ಲದೆ ಹುರುಪಿನಲ್ಲಿ ಮಾತಾಡುವುದು, ಊಟ ಸ್ನಾನ ಬಿಟ್ಟು ಮೂಲೆ ಸೇರುವುದು, ಸಾಯುವ ಮಾತು. ಇವುಗಳಲ್ಲಿ ಒಂದಿದ್ದರೂ ನೇರ ಮನೋವೈದ್ಯರ ಬಳಿಗೆ ಹೋಗಿ. ನನ್ನಂಥವರ ಬಳಿಗೂ ಮೊದಲು ಬೇಡ. ಹೆರಿಗೆಯಾದ ಕೆಲವೇ ದಿನಕ್ಕೆ ಬಾಣಂತಿ ಅಸಂಬದ್ಧ ಮಾತಾಡಿದರೆ ಅದು ಸನ್ನಿ, ಗಾಳಿ ಎಂದು ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಪ್ಪತ್ತು ದಾಟಿದ ಹಿರಿಯರು ಇದ್ದಕ್ಕಿದ್ದಂತೆ ಎರಡು ದಿನದಲ್ಲಿ ಗೊಂದಲಕ್ಕೆ ಬಿದ್ದರೆ ಮೊದಲು ಸಾಮಾನ್ಯ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕೋ ರಕ್ತದಲ್ಲಿ ಉಪ್ಪಿನಂಶ ಕಡಿಮೆಯಾದದ್ದೋ ಇರಬಹುದು. ತಿಂಗಳುಗಟ್ಟಲೆ ಮಂಕಾಗಿರುವವರಿಗೂ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅದೇ ಚಿಂತೆ ಮತ್ತೆ ಮತ್ತೆ ಕೊರೆಯುವುದು, ಕೈ ತೊಳೆದಷ್ಟೂ ಸಾಲದೆಂಬ ಭಾವ, ಜನರ ನಡುವೆ ಎದೆ ಹೊಡೆದುಕೊಳ್ಳುವುದು, ಹಳೆಯ ಆಘಾತ ಬಿಡದಿರುವುದು, ಇವಕ್ಕೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಜೋರಾಗಿದ್ದರೆ ಮನೋವೈದ್ಯರ ಔಷಧಿಯೂ ಜೊತೆಗೆ ಬೇಕಾಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದವು. ಅಂಥದ್ದನ್ನು ಕಂಡವರು ಕೆಲವು ವಾರ ಬೆಚ್ಚಿಬೀಳುವುದು ಕಾಯಿಲೆಯಲ್ಲ. ವರ್ಷ ಕಳೆದ ಮೇಲೂ ಆಷಾಢದ ಮಳೆ ಹಿಡಿದರೆ ನಿದ್ದೆಯಿಲ್ಲ, ಗುಡ್ಡದ ದಾರಿಗೆ ಹೋಗಲಾರರು ಎಂದಾದರೆ ಅದಕ್ಕೆ ಚಿಕಿತ್ಸೆಯಿದೆ, ಅದು ಫಲ ಕೊಡುತ್ತದೆ. ಮನೆ ಹೋದದ್ದಕ್ಕೆ ಪರಿಹಾರ ಕೇಳಿ ಕಚೇರಿ ಅಲೆಯುತ್ತೇವೆ, ನಿದ್ದೆ ಹೋದದ್ದಕ್ಕೆ ಯಾರನ್ನೂ ಕೇಳುವುದಿಲ್ಲ.

ಕುಡಿತದ ವಿಚಾರ ಸ್ವಲ್ಪ ಹೆಚ್ಚು ಹೇಳಬೇಕು. ತೋಟದ ಸೀಮೆಯಲ್ಲಿ ಇದು ಲೈನ್ ಮನೆಯಲ್ಲೂ ಇದೆ, ಬಂಗಲೆಯಲ್ಲೂ ಇದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ದವಸ ಬೇಡಲಿಲ್ಲ, ಜನರ ದುಶ್ಚಟಗಳನ್ನು ಬೇಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ಸರ್ಕಾರವೇ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ನಮ್ಮ ಚಳವಳಿಯ ದೊಡ್ಡ ಆಸ್ತಿ ಅದು. ಆದರೆ ಜೋಳಿಗೆಗೆ ಚಟ ಹಾಕಿದ ಮೇಲಿನ ನಾಲ್ಕು ದಿನ ಏನಾಗುತ್ತದೆ ಎಂಬುದನ್ನು ಆ ಹಾದಿಯಲ್ಲಿ ನಡೆಯುವ ಪ್ರತಿ ಕಾರ್ಯಕರ್ತನೂ ತಿಳಿದಿರಬೇಕು. ವರ್ಷಗಟ್ಟಲೆ ದಿನಾ ಬೆಳಗಿನಿಂದಲೇ ಕುಡಿದವನು ಪ್ರತಿಜ್ಞೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗುತ್ತದೆ, ಬೆವರುತ್ತಾನೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಮೂರನೆಯ ದಿನಕ್ಕೆ ಗೋಡೆಯ ಮೇಲೆ ಹುಳ ಹರಿದ ಹಾಗೆ ಕಾಣಬಹುದು, ಮನೆಯವರ ಗುರುತು ಸಿಗದಿರಬಹುದು. ಮನೆಯವರು ದೆವ್ವ ಮೆಟ್ಟಿಕೊಂಡಿತು ಎಂದು ಮಂತ್ರವಾದಿಯನ್ನು ಕರೆಸುತ್ತಾರೆ, ಇಲ್ಲವೆ ಮತ್ತೆ ಕುಡಿಸುತ್ತಾರೆ. ಇದು ಪ್ರಾಣಕ್ಕೆ ಅಪಾಯದ ಸ್ಥಿತಿ. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ದಾಟಿಸಬೇಕು. ಆದ್ದರಿಂದ ಪ್ರತಿಜ್ಞೆಗೆ ಮೊದಲು ವೈದ್ಯರನ್ನು ಕಾಣಿಸಿ. ಆ ವಾರ ಕಳೆದ ಮೇಲೆ ಸಮಾಲೋಚಕರು, ಶರಣರ ಸಂಗ, ಮಠದ ಸೇವೆ ಎಲ್ಲವೂ ಕೆಲಸ ಮಾಡುತ್ತವೆ. ಬಿಟ್ಟವನು ಮತ್ತೆ ಬಿದ್ದರೆ ಜೋಳಿಗೆಗೆ ಮೋಸ ಮಾಡಿದ ಎಂದು ಹೀಯಾಳಿಸಬೇಡಿ. ಮರಳಿ ಬೀಳುವುದು ಆ ಕಾಯಿಲೆಯ ಗುಣ, ಮತ್ತೆ ಕರೆದುಕೊಂಡು ಹೋಗಿ.

ಮದುವೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. “ಮದ್ವೆ ಮಾಡಿದ್ರೆ ಸರಿ ಹೋಗ್ತಾನೆ” ಎಂದು ಯಾವ ಮನೋವೈದ್ಯರೂ ಚೀಟಿ ಬರೆಯುವುದಿಲ್ಲ. ಮಾತ್ರೆ ತಿನ್ನುವುದು ಹೆಣ್ಣಿನ ಕಡೆಯವರಿಗೆ ಗೊತ್ತಾದೀತು ಎಂದು ಮದುವೆಗೆ ಹದಿನೈದು ದಿನ ಮೊದಲು ನಿಲ್ಲಿಸಿ, ಮದುವೆಯಾದ ತಿಂಗಳಿಗೆ ಹುಡುಗ ಮತ್ತೆ ಮೊದಲಿನಂತಾದ ಮನೆಗಳನ್ನು ನಾನು ಕಂಡಿದ್ದೇನೆ. ಅಲ್ಲಿ ಹಾಳಾದದ್ದು ಎರಡು ಜೀವ. ಹೇಳಿ ಮದುವೆ ಮಾಡಿ. ಕಾಯಿಲೆ ಹತೋಟಿಯಲ್ಲಿದ್ದು ಚೆನ್ನಾಗಿ ಸಂಸಾರ ಮಾಡುವವರು ನಮ್ಮ ನಡುವೆಯೇ ಇದ್ದಾರೆ.

ಇನ್ನು ಆರಿಸುವುದು ಹೇಗೆ? “ನಮ್ಮವರೇ ಒಬ್ಬರು ಸೈಕಾಲಜಿಸ್ಟ್ ಇದ್ರೆ ಹೇಳಿ” ಎನ್ನುತ್ತಾರೆ. ಈ ‘ನಮ್ಮವರು’ ಎಂಬ ಮಾತಿಗೆ ನನ್ನ ವಿರೋಧವಿದೆ. ಯಾರು ಯಾರು ಎಂದು ಕೇಳಬೇಡಿ ಎಂದು ಕಲಿಸಿದ ಪರಂಪರೆಯವರು ಆಸ್ಪತ್ರೆಯ ಬಾಗಿಲಲ್ಲಿ ಕುಲ ಕೇಳುವುದು ಸರಿಯಲ್ಲ ಎಂಬುದು ಒಂದು. ಇನ್ನೊಂದು ಬರೀ ವ್ಯವಹಾರದ ಮಾತು. ನಿಮ್ಮ ಮಾವನ ಪರಿಚಯದವರ ಮುಂದೆ ಸೊಸೆ ಬಾಯಿ ಬಿಡುವಳೆ? ಸಾಲ ಕೊಟ್ಟವರ ತಮ್ಮನ ಮುಂದೆ ತೋಟದ ಹರಾಜಿನ ನೋಟಿಸು ಬಂದದ್ದನ್ನು ಹೇಳಿಕೊಳ್ಳುವಿರಾ? ನೆಂಟರಲ್ಲದ, ಸ್ನೇಹಿತರಲ್ಲದ, ಕೊಡು ಕೊಳ್ಳುವ ಬಾಬತ್ತು ಇಲ್ಲದವರನ್ನು ಹುಡುಕಿ. ಅಗತ್ಯವಾದರೆ ಚಿಕ್ಕಮಗಳೂರು ಬಿಟ್ಟು ಹಾಸನಕ್ಕೋ ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿ.

ಮೊದಲ ಭೇಟಿಯಲ್ಲಿ ಅವರು ನಿಮ್ಮ ಮಾತನ್ನು ಪೂರ್ತಿ ಕೇಳಿಸಿಕೊಂಡರೇ? ಕನ್ನಡದಲ್ಲಿ, ನಿಮ್ಮ ಕನ್ನಡದಲ್ಲಿ, ಮಾತಾಡಿದರೇ? ಅಂದಾಜು ಎಷ್ಟು ಸಲ ಬರಬೇಕು, ಎಷ್ಟು ಖರ್ಚು ಎಂದರೇ? ತಮ್ಮ ಕೈಯಲ್ಲಿ ಆಗದ್ದನ್ನು ಬೇರೆಯವರಿಗೆ ಕಳಿಸುತ್ತೇನೆ ಎಂದರೇ? ಕೊನೆಯದನ್ನು ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುತ್ತೇನೆ. ಹೆಣ್ಣುಮಕ್ಕಳ ಜೊತೆ ಒಬ್ಬಂಟಿಯಾಗಿ ಮಾತಾಡಲು ಅವಕಾಶ ಕೇಳಿದರೆ ಗಂಡಂದಿರು, ಅತ್ತೆಯರು ಹೊರಗೆ ಕೂರಬೇಕು. ಹೆಣ್ಣು ಚಿಕಿತ್ಸಕಿ ಬೇಕು ಎಂದು ಕೇಳುವುದರಲ್ಲೂ ತಪ್ಪಿಲ್ಲ. ಮೂರು ಸಿಟ್ಟಿಂಗಿನಲ್ಲಿ ಗ್ಯಾರಂಟಿ ಎನ್ನುವವರು, ಸಂಮೋಹನ ಮಾಡಿ ಹಿಂದಿನ ಜನ್ಮ ತೋರಿಸುತ್ತೇನೆ ಎನ್ನುವವರು, ಮನೋವೈದ್ಯರ ಮಾತ್ರೆಯನ್ನು ಇವತ್ತೇ ಎಸೆಯಿರಿ ಎನ್ನುವವರು, ಇವರಿಂದ ದೂರವಿರಿ. ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅದನ್ನು ನಿಲ್ಲಿಸುವುದೂ ವೈದ್ಯರ ಲೆಕ್ಕದಲ್ಲೇ ಆಗಬೇಕು.

ಗುಟ್ಟು ಉಳಿಯುತ್ತದೆಯೇ ಎಂಬ ಭಯ ಸಣ್ಣ ಊರಿನಲ್ಲಿ ಸಹಜ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ರೋಗಿಯ ವಿಚಾರ ಗೋಪ್ಯವಾಗಿಡುವುದನ್ನು ಕಡ್ಡಾಯ ಮಾಡಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳು ಮಾತ್ರ ಅದಕ್ಕೆ ಹೊರತು. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ ಅದೇ ಕಾಯ್ದೆ ನಿಷೇಧಿಸಿದೆ.

ಸರಪಳಿ ಎಂದಾಗ ಒಂದು ಘಟನೆ ಹೇಳಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಸುತ್ತ ಇದ್ದ ಇಂಥ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿ ಕಟ್ಟಿದ್ದ 28 ಮಂದಿ ಮನೋರೋಗಿಗಳು ಸತ್ತರು. ದೇವರ ಸನ್ನಿಧಿಯಲ್ಲಿ ಬಿಟ್ಟರೆ ವಾಸಿಯಾಗುತ್ತದೆ ಎಂದು ನಂಬಿ ಮನೆಯವರು ಬಿಟ್ಟು ಹೋಗಿದ್ದರು. ಅದು ಬೇರೆ ಧರ್ಮದವರ ಕಥೆ ಎಂದು ಹಗುರಾಗಬೇಡಿ. ನಮ್ಮ ಗದ್ದುಗೆಗಳ ಮುಂದೆಯೂ ಅಮಾವಾಸ್ಯೆಯ ದಿನ ಕೂದಲು ಕೆದರಿದ ಹೆಣ್ಣುಮಕ್ಕಳನ್ನು ಕೂರಿಸುವುದನ್ನು ನೋಡಿಲ್ಲವೆ? ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟುವುದು 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆಯಂತೆ ಅಪರಾಧ.

ಹಾಗಾದರೆ ಮಠಕ್ಕೆ ಕೆಲಸವಿಲ್ಲವೆ? ಬೇಕಾದಷ್ಟಿದೆ. ಊರಿನ ಜನ ಮೊದಲು ಬಂದು ಅಳುವುದು ಸ್ವಾಮಿಗಳ ಮುಂದೆ, ಆಸ್ಪತ್ರೆಯಲ್ಲಲ್ಲ. “ಆಸ್ಪತ್ರೆಗೆ ಹೋಗಿ ಬಾ ಮಗು, ಆಮೇಲೆ ಇಲ್ಲಿಗೆ ಬಾ” ಎಂಬ ಸ್ವಾಮಿಗಳ ಒಂದು ಮಾತು ನನ್ನ ಹತ್ತು ಉಪನ್ಯಾಸಕ್ಕೆ ಸಮ. ಲಿಂಗಪೂಜೆ, ಶಿವಯೋಗ ಮನಸ್ಸಿಗೆ ಬಲ ಕೊಡುತ್ತವೆ, ಅದನ್ನು ನಾನು ಅನುಭವದಿಂದ ಬಲ್ಲೆ. ದನಿ ಕೇಳಿಸುವ ಕಾಯಿಲೆ ಇರುವವನನ್ನು ಗಂಟೆಗಟ್ಟಲೆ ಧ್ಯಾನಕ್ಕೆ ಕೂರಿಸಿದರೆ ಮಾತ್ರ ಹೆಚ್ಚಾಗಬಹುದು. ಅಂಥವನಿಗೆ ಮೊದಲು ಔಷಧಿ, ಜೊತೆಗೆ ದಾಸೋಹದ ಮನೆಯಲ್ಲಿ ಒಂದು ಸಣ್ಣ ಕಾಯಕ. ತರಕಾರಿ ಹೆಚ್ಚುವುದು, ಎಲೆ ಹಾಕುವುದು. ನಾಲ್ಕು ಜನ ಹೆಸರು ಹಿಡಿದು ಕರೆದು ಕೆಲಸ ಹೇಳುವುದು ಅವನಿಗೆ ಸಿಗಬೇಕಾದ ದೊಡ್ಡ ವಸ್ತು. ಅದನ್ನು ಮಠ ಕೊಡಬಲ್ಲದು, ನಾನು ಕೊಡಲಾರೆ.

ಕೊನೆಗೆ ನಮ್ಮ ಸೀಮೆಯ ಕಷ್ಟ. ಕಳಸದಿಂದ ಚಿಕ್ಕಮಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ ಬಸ್ಸಿನ ಪಾಡು ನಿಮಗೇ ಗೊತ್ತು. ಮಳೆಗಾಲದಲ್ಲಿ ಚಾರ್ಮಾಡಿ ಮುಚ್ಚಿದರೆ ಉಜಿರೆ ಕಡೆಯ ದಾರಿಯೂ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುವುದು ಇದಕ್ಕಾಗಿಯೇ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಎಂಬ ಏರ್ಪಾಡೂ ರಾಜ್ಯದಲ್ಲಿದೆ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಇಲ್ಲವೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ಔಷಧಿಗೆ ದುಡ್ಡು ಕೊಡಬೇಕಾಗಿಲ್ಲ. ಬಸ್ಸೂ ಇಲ್ಲ, ದುಡ್ಡೂ ಇಲ್ಲ, ಹೇಳಿಕೊಳ್ಳಲು ನಾಚಿಕೆ ಎಂದರೆ 14416. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಸಂಸೆಯ ಕಡೆ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು ಎಂದು ಆಗಲೇ ಯಾರೋ ನಕ್ಕರು. ಹತ್ತಿ.

ಮನೆಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡಬೇಡಿ. ಗಿಡಕ್ಕೆ ಹೊಡೆಯುವ ಔಷಧಿಯ ಕೋಣೆಗೆ ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ತೋಟದ ಕೋವಿಯನ್ನು ಚುನಾವಣೆ ಬಂದಾಗ ಸ್ಟೇಷನ್ನಿನಲ್ಲಿ ಇಟ್ಟು ಬರುತ್ತೀರಲ್ಲ, ಹಾಗೆಯೇ ಈಗಲೂ ಮನೆಯಿಂದ ಹೊರಗೆ ಕಳಿಸಿ. “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಎಷ್ಟೋ ಜನಕ್ಕೆ ಉಸಿರು ಬಂದ ಹಾಗಾಗುತ್ತದೆ. ಪ್ರಯತ್ನಿಸಿ ಬದುಕಿದವರನ್ನು ಪೊಲೀಸು ಹಿಡಿಯುತ್ತಾರೆ ಎಂಬ ಹೆದರಿಕೆಗೆ ಆಸ್ಪತ್ರೆ ತಪ್ಪಿಸಬೇಡಿ. ನಾನು ಹೇಳಿದ ಅದೇ ಕಾಯ್ದೆ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಡುತ್ತದೆ, ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹಾಕುತ್ತದೆ.

ದಾಸೋಹದ ಹೊತ್ತಿನಲ್ಲಿ ನಾನು ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಇರುತ್ತೇನೆ. ನಾನು ಹೇಳಿದ ನಂಬರನ್ನು ಚೀಟಿಗಳಲ್ಲಿ ಬರೆದು ಅಲ್ಲಿಯ ಮೇಜಿನ ಮೇಲೆ ಇಟ್ಟಿದ್ದಾರೆ. ಮಾತಾಡಬೇಕೆನ್ನುವವರು ಬನ್ನಿ, ಚೀಟಿ ಮಾತ್ರ ಸಾಕು ಎನ್ನುವವರು ತೆಗೆದುಕೊಂಡು ಹೋಗಿ.